ದೊಡ್ಡಿಯ ಆಚೆ ಕಾವಲು

ನಮ್ಮನೆ ಹಿಂದೆ ಒಂದು ಕಲ್ಲಿನ ದೊಡ್ಡಿ ಇದೆ. ಎದೆಮಟ್ಟದ ಗೋಡೆ. ಮಣ್ಣು, ಸುಣ್ಣ ಏನೂ ಹಾಕದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು. ಅಜ್ಜನ ಕಾಲದಲ್ಲಿ ಅದರೊಳಗೆ 42 ದನ ಮಲಗುತ್ತಿದ್ದವಂತೆ. ಈಗ ಇರೋದು ಐದು. ಮಿಕ್ಕ ಜಾಗದಲ್ಲಿ ಡ್ರಿಪ್ ಪೈಪಿನ ಸುರುಳಿ, ಈರುಳ್ಳಿ ಚೀಲ.

ನಮ್ಮದು ಚಿಕ್ಕಮಗಳೂರು ಜಿಲ್ಲೆ, ಅಜ್ಜಂಪುರದ ಕಡೆ. ನಮ್ಮ ಕಡೆಯವರಿಗೆ ಕಾವಲು ಅಂದರೇನು ಅಂತ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳ್ತೀನಿ: ಅಮೃತಮಹಲ್ ದನಗಳು ಮೇಯಲಿ ಅಂತ ಅರಸರ ಕಾಲದಲ್ಲೇ ಬಿಟ್ಟ ಹುಲ್ಲುಗಾವಲು ಅದು.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದಕ್ಕೆ ‘ಬೆಣ್ಣೆ ಚಾವಡಿ’ ಅಂತ ಹೆಸರು. ಅರಮನೆಗೆ ಹಾಲು, ಬೆಣ್ಣೆ ಒದಗಿಸೋದು ಅದರ ಕೆಲಸ. ಹೈದರಾಲಿ ಅದೇ ಮಂದೆಯ ಎತ್ತುಗಳನ್ನು ದಂಡಿಗೆ ಹೂಡಿದ, ಫಿರಂಗಿ ಎಳೆಸಿದ. ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಅಂತ ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆ ಬ್ರಿಟಿಷರ ಕೈಗೆ ಹೋಯ್ತು. 1860ರಲ್ಲಿ ಖರ್ಚು ಜಾಸ್ತಿ ಅಂತ ಅವರು ದನಗಳನ್ನೆಲ್ಲ ಮಾರಿಬಿಟ್ಟರು. ಕೆಲವೇ ವರ್ಷಕ್ಕೆ ದಂಡಿಗೆ ಒಳ್ಳೆ ಎತ್ತು ಸಿಗದೆ ಪೇಚಾಡಿ, ಮತ್ತೆ ಮಂದೆ ಕಟ್ಟಿದರು. ಮಾರೋದು ಸುಲಭ, ಕಟ್ಟೋದು ಕಷ್ಟ ಅಂತ ಸರ್ಕಾರಕ್ಕೂ ಆವಾಗಲೇ ಗೊತ್ತಾಗಿತ್ತು.

ಕಾವಲುಗಳಲ್ಲೂ ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದ್ದು ಅಂತ ಬೇರೆ ಬೇರೆ. ಬೇಸಿಗೆ ಕಾವಲು ಅಂದರೆ ಕೆರೆಯಂಗಳ, ನೆರಳು, ನೀರು ಇರೋ ಜಾಗ. ಮಂದೆ ಒಂದರಿಂದ ಇನ್ನೊಂದಕ್ಕೆ ಹೋಗ್ತಿತ್ತು. ಬಿಟ್ಟುಹೋದ ಕಡೆ ಹುಲ್ಲು ಮತ್ತೆ ಬರ್ತಿತ್ತು. ಒಂದು ಕಾಲದಲ್ಲಿ ಹಳೇ ಮೈಸೂರಿನಲ್ಲಿ ಇಂಥ ಕಾವಲು 4 ಲಕ್ಷ ಎಕರೆಗೂ ಹೆಚ್ಚಿತ್ತು. ಈಗ ಉಳಿದಿರೋದು ಅದರಲ್ಲಿ ಸಣ್ಣ ಪಾಲು.

ಅಜ್ಜನ ದನಗಳೇನೂ ಅರಮನೆ ದನ ಅಲ್ಲ, ನಾಟಿ ದನ. ಆದರೆ ಅಜ್ಜಂಪುರದ ತಳಿ ಕೇಂದ್ರದಲ್ಲಿ ಗಂಡುಕರುಗಳ ಹರಾಜು ನಡೆಯುತ್ತಲ್ಲ, ಅಲ್ಲಿಂದ ಒಂದು ಜೊತೆ ಕರು ಹಿಡಿದು ತರೋದು ಅಜ್ಜನ ಹುಚ್ಚು. ಬೂದು ಬಣ್ಣ, ಹಿಂದಕ್ಕೆ ಬಾಗಿದ ಚೂಪು ಕೊಂಬು. ಹೊಸಬರು ಹತ್ತಿರ ಬಂದರೆ ಬುಸುಗುಡೋ ಜಾತಿ. ಎರಡು ಮೂರು ವರ್ಷ ಸಾಕಿ, ಪಳಗಿಸಿ, ಅಂತರಘಟ್ಟೆ ಜಾತ್ರೆಗೆ ಗಾಡಿ ಕಟ್ಟಿ ಹೋಗಿ ಬಂದ ಮೇಲೆ ಮಾರೋದು. ಹಾಲಿನಿಂದ ಏನೂ ಹುಟ್ಟುತ್ತಿರಲಿಲ್ಲ, ಕರು ಕುಡಿದು ಉಳಿದದ್ದು ಮನೆ ಮಜ್ಜಿಗೆಗೆ ಸಾಕು. ಮನೆ ನಡೆಸಿದ್ದು ಗೊಬ್ಬರ. ತರೀಕೆರೆ ಕಡೆಯ ಅಡಿಕೆ ತೋಟದವರು ಗಾಡಿ ಲೆಕ್ಕದಲ್ಲಿ ಹೊಡೆಸಿಕೊಂಡು ಹೋಗ್ತಿದ್ದರು.

42 ದನಕ್ಕೆ ಅಜ್ಜ ಒಂದು ಹೊರೆ ಹುಲ್ಲು ಕೊಂಡವರಲ್ಲ. ಬೆಳಗ್ಗೆ ದೊಡ್ಡಿ ಬಾಗಿಲು ತೆಗೆದರೆ ದನ ತಾವೇ ಕಾವಲಿನ ದಾರಿ ಹಿಡಿಯೋವು. ತಂಗಡಿ, ಬಂದರೆ, ಕಾರೆಗಿಡ, ನಡುವೆ ಮೊಣಕಾಲುದ್ದ ಹುಲ್ಲು, ಮಧ್ಯಾಹ್ನಕ್ಕೆ ಕಟ್ಟೆ ನೀರು. ಕೃಷ್ಣಮೃಗಗಳು ದನದ ಜೊತೆಗೇ ಮೇಯೋವು ಅಂತ ಅಜ್ಜಿ ಹೇಳ್ತಾರೆ. ಕಡೂರು ತಾಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ನಮ್ಮ ಕಡೆ ನೋಡಬೇಕು ಅಂದರೆ ನಸುಕಲ್ಲೇ ಹೋಗಬೇಕು.

ಆಮೇಲೆ ಟ್ರ್ಯಾಕ್ಟರ್ ಬಂತು, ಎತ್ತು ಕೇಳೋರಿಲ್ಲ. ಡೈರಿ ಬಂತು, ಸೀಮೆಹಸು ಬಂತು. ಕಾವಲಿನ ಅಂಚಲ್ಲಿ ಒಬ್ಬರು ಉತ್ತರು, ಅವರನ್ನು ನೋಡಿ ಇನ್ನೊಬ್ಬರು.

2019ರಲ್ಲಿ ಕಾಲೇಜಿನ ಅಸೈನ್‌ಮೆಂಟಿಗೆ ನಾನು ಕಾವಲು ಒತ್ತುವರಿ ಬಗ್ಗೆ ಒಂದು ಲೇಖನ ಬರೆದೆ. ಯಾರು ಯಾವ ಕಡೆಯಿಂದ ಉಳುತ್ತಾ ಬಂದರು, ದನದ ದಾರಿ ಹೇಗೆ ಮುಚ್ಚಿತು, ಎಲ್ಲ ಇತ್ತು. ಮೇಷ್ಟ್ರು ಕ್ಲಾಸಲ್ಲಿ ಓದಿ ಹೇಳಿದರು. ಖುಷಿಯಲ್ಲಿ ಊರಿಗೆ ತಂದು ಅಪ್ಪನಿಗೆ ಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು ನಿಧಾನಕ್ಕೆ ಓದಿದರು.

“ಚೆನ್ನಾಗ್ ಬರ್ದಿದೀಯ ಮಗಾ,” ಅಂದರು. “ನಮ್ಮ ಮೂರೆಕ್ರೆ ಒಂದು ಬಿಟ್ಟೋಗೈತೆ.”

ಬಿಟ್ಟುಹೋಗಿರಲಿಲ್ಲ, ನಾನೇ ಬಿಟ್ಟಿದ್ದೆ. ನಾನು ಹುಟ್ಟಿದ ಎರಡು ವರ್ಷಕ್ಕೆ ಅಪ್ಪ ಕಾವಲಿನ ಅಂಚಲ್ಲಿ ಮೂರು ಎಕರೆ ಉತ್ತು ಈರುಳ್ಳಿ ಹಾಕಿದ್ದರು. ಅಕ್ಕನ ಮದುವೆ ಆಗಿದ್ದು ಅದರಲ್ಲೇ. ನಾನು ಪತ್ರಿಕೋದ್ಯಮ ಓದಿದ ಫೀಸೂ ಅದರದ್ದೇ. ಬಗರ್ ಹುಕುಂನಲ್ಲಿ ನಮೂನೆ 57ರ ಅರ್ಜಿ ಹಾಕಿದ್ದಾರೆ. ಕಾವಲಿನ ಜಮೀನಿಗೆ ಸಾಗುವಳಿ ಚೀಟಿ ಸಿಗುತ್ತೋ ಇಲ್ಲವೋ, ಅರ್ಜಿಯಂತೂ ಹಾಗೇ ಕೂತಿದೆ. ಅವತ್ತು ಅಪ್ಪನಿಗೆ ಏನು ಹೇಳಬೇಕೋ ತಿಳಿಯದೆ ನೀರು ಕುಡಿಯೋ ನೆಪದಲ್ಲಿ ಒಳಗೆ ಹೋದೆ. ಲೇಖನ ತಿದ್ದಲೂ ಇಲ್ಲ. ಇವತ್ತು ಬರೀತಿದ್ದೀನಿ.

ಅಪ್ಪನನ್ನು ಕಳ್ಳ ಅನ್ನೋಕೆ ನನ್ನಿಂದ ಆಗಲ್ಲ. ಎತ್ತು ಮಾರಾಟ ನಿಂತ ಮೇಲೆ, ಮಳೆ ಕೈಕೊಟ್ಟ ವರ್ಷಗಳಲ್ಲಿ, ಇರೋ ಒಂದೂವರೆ ಎಕರೆಯಲ್ಲಿ ಆರು ಜನ ಉಣ್ಣಬೇಕಿತ್ತು. ಆದರೆ ಅಜ್ಜನ ದೊಡ್ಡಿ ಖಾಲಿಯಾಗಿದ್ದಕ್ಕೆ ಬರೀ ಟ್ರ್ಯಾಕ್ಟರ್ ಕಾರಣ ಅಂದರೆ ಅದೂ ಸುಳ್ಳು. ದನ ಮೇಯೋ ಜಾಗವನ್ನು ಉತ್ತವರಲ್ಲಿ ನಾವೂ ಇದ್ದೀವಿ.

ಅರ್ಜಿ ಹಾಕಿದ ವರ್ಷ ಅಪ್ಪ ಕಲ್ಲುಕಂಬ ನೆಟ್ಟು ತಂತಿ ಬೇಲಿ ಹಾಕಿಸಿದರು. ಹಳೇ ದಾರಿ ಅದರ ಕೆಳಗೇ ಹೋಗುತ್ತೆ. ಬೂದಿ ಅಂತ ಒಂದು ಮುದಿ ಹಸು ಇದೆ ನಮ್ಮಲ್ಲಿ. ಮೇಯಲು ಬಿಟ್ಟರೆ ಅದು ಈಗಲೂ ಸೀದಾ ಅಲ್ಲಿಗೇ ಹೋಗಿ, ಬೇಲಿಗೆ ಮೂತಿ ತಾಗಿಸಿ ನಿಲ್ಲುತ್ತೆ. ಯಾರಾದರೂ ಹೋಗಿ ತಿರುಗಿಸಿಕೊಂಡು ಬರಬೇಕು.

ಹೋದ ತಿಂಗಳು ಊರಿಗೆ ಹೋದಾಗ ಎರಡು ಕಂಬದ ನಡುವೆ ತಂತಿ ಬಿಚ್ಚಿತ್ತು. ಹೊಲದ ಬದುವಿಗೆ ಒತ್ತಿಕೊಂಡು ಹತ್ತಡಿ ಅಗಲ ಉಳದೆ ಬಿಟ್ಟಿದ್ದರು, ಕಟ್ಟೆವರೆಗೂ. ಅಪ್ಪನನ್ನು ಕೇಳಿದೆ.

“ಬೂದಿಗೆ ವಯಸ್ಸಾಯ್ತು, ಸುತ್ತಾಕ್ಕೊಂಡು ಹೋಗಕ್ಕಾಗಲ್ಲ ಅದಕ್ಕೆ,” ಅಂದರು.

ಅರ್ಜಿ ವಾಪಸ್ ತಗೊಂಡಿಲ್ಲ. ನಾನೂ ಕೇಳಲಿಲ್ಲ.