ಹಿಮಪಾತವೆಂಬ ಒಂದೇ ಮಾತು

ಮಂಜಿನ ವಿಷಯದಲ್ಲಿ ಕನ್ನಡವೇನೂ ಬಡ ಭಾಷೆಯಲ್ಲ. ಇಬ್ಬನಿ ಉಂಟು, ಕಾವಳ ಉಂಟು, ಆಲಿಕಲ್ಲು ಉಂಟು. ಮಡಿಕೇರಿಯ ಬೆಳಗನ್ನು ಬಣ್ಣಿಸಲು ಇಷ್ಟು ಧಾರಾಳವಾಯಿತು. ಆದರೆ ಹಿಮಾಲಯದ ಮೈಮೇಲೆ ತಿಂಗಳುಗಟ್ಟಲೆ ಕಾದು ಕುಳಿತಿರುವ ಹಿಮದ ಮುಂದೆ ನಮ್ಮ ಮಾತು ತಡವರಿಸುತ್ತದೆ. ಹೂವಿನಂತೆ ಮೆಲ್ಲನೆ ಉದುರುವುದೂ ಹಿಮಪಾತ; ಸಾವಿರಾರು ಟನ್ ಭಾರದೊಡನೆ ಕಣಿವೆಗೆ ಧುಮುಕುವುದೂ ಹಿಮಪಾತವೇ. ಒಮ್ಮೆ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು, "ಎರಡಕ್ಕೂ ಒಂದೇ ಮಾತಾದರೆ ಯಾವುದಕ್ಕೆ ಹೆದರಬೇಕು, ಸಾರ್?" ಎಂದಳು. ತರಗತಿ ನಕ್ಕಿತು, ನನಗೆ ನಗು ಬರಲಿಲ್ಲ. 'ಹಿಮಕುಸಿತ' ಎಂಬ ಮಾತು ಈಚೆಗೆ ಚಲಾವಣೆಗೆ ಬಂದಿದೆ, ಸಂತೋಷ.

ದೂರದಿಂದ ನೋಡುವವರಿಗೆ ಹಿಮವೆಲ್ಲ ಒಂದೇ ಬಿಳುಪು. ಒಳಗೆ ಅದು ಓಲೆಗರಿಯ ಕಟ್ಟಿನಂತೆ ಪದರ ಪದರ. ಚಳಿಗಾಲದ ಮೊದಲಲ್ಲಿ ತೆಳುವಾಗಿ ಬಿದ್ದ ಹಿಮದ ಬುಡದಲ್ಲಿ ನೆಲ ತುಸು ಬೆಚ್ಚಗಿರುತ್ತದೆ. ಮೇಲ್ಮೈಯೋ, ಮೋಡವಿಲ್ಲದ ರಾತ್ರಿಗಳಲ್ಲಿ ಕೊರೆಯುತ್ತದೆ. ಈ ಅಂತರದಿಂದ ಒಳಗಿನ ಆವಿ ಮೇಲೇರಿ, ಹಿಮದ ಕಣಗಳು ದಪ್ಪ ಸಕ್ಕರೆಯಂತೆ ಹರಳುಗಟ್ಟುತ್ತವೆ. ಒಣಸಕ್ಕರೆಯ ಹರಳಿಗೆ ಹರಳು ಅಂಟುವುದುಂಟೆ? ಅದರ ಮೇಲೆ ಹೊಸ ಹಿಮ ಬಿದ್ದು, ಗಾಳಿ ಅದನ್ನು ಒತ್ತಿ ಹಲಗೆಯಂತೆ ಬಿಗಿಮಾಡಿತೆಂದರೆ, 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಒಬ್ಬನ ಹೆಜ್ಜೆಯ ಭಾರವೇ ಸಾಕು. ಹಲಗೆ ಬಿರುಕುಬಿಟ್ಟು ಇಡಿಯಾಗಿ ಜಾರುತ್ತದೆ. ಬಲ್ಲವರು ಮೊದಲೇ ಗುಂಡಿ ತೋಡಿ ಪದರಗಳನ್ನು ಓದುತ್ತಾರೆ. ಹಳೆಯ ಪ್ರತಿಯನ್ನು ನಾವು ತಪ್ಪಾಗಿ ಓದಿದರೆ ಒಂದು ಪಾಠಾಂತರ ಹುಟ್ಟೀತು, ಅಷ್ಟೆ. ಅವರ ಪಾಡು ಹಾಗಲ್ಲ. ಹೂತುಹೋದವನನ್ನು ಕಾಲು ಗಂಟೆಯೊಳಗೆ ಹೊರತೆಗೆಯದಿದ್ದರೆ ಬದುಕುವ ಆಸೆ ಬಹು ಬೇಗ ಕುಗ್ಗುತ್ತದೆ.

ಆ ಕಾಲು ಗಂಟೆಯ ಲೆಕ್ಕವನ್ನು ಕನ್ನಡಿಗರೊಬ್ಬರು ಮೀರಿದರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆಯೇ ಕುಸಿದು, ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅದು ಸಡಿಲ ಹಿಮವಲ್ಲ, ಬಂಡೆಯಂತಹ ನೀರ್ಗಲ್ಲು. ಹತ್ತರಲ್ಲಿ ಮೂವರು ನಮ್ಮ ಧಾರವಾಡ, ಹಾಸನ, ಮೈಸೂರು ಜಿಲ್ಲೆಗಳವರು. ಆರನೆಯ ದಿನ, ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು 25 ಅಡಿಗೂ ಮಿಕ್ಕ ಆಳದಿಂದ ಹೊರತೆಗೆದಾಗ ಇನ್ನೂ ಉಸಿರಿತ್ತು. 11ರಂದು ಅವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು.

ಆ ವಾರವೆಲ್ಲ ನಮ್ಮ ಪತ್ರಿಕೆಗಳಲ್ಲಿ ಹಿಮಪಾತವೆಂಬ ಮಾತು. ಎರೆನೆಲದ ಬೆಟದೂರಿನಲ್ಲಿ ಅದನ್ನು ಓದಿದವರ ಕಣ್ಣಮುಂದೆ ಏನು ಮೂಡಿದ್ದೀತೆಂದು ನಾನು ಆಗಾಗ ಯೋಚಿಸುವುದುಂಟು.