ತಗ್ಗಿಗೆ ಬಿದ್ದ ಕಾರು

2018ರ ಜುಲೈ 13, ಶುಕ್ರವಾರ, ಇಳಿಹೊತ್ತು. ಔರಾದ ತಾಲ್ಲೂಕಿನ ಮುರ್ಕಿಯ ರಸ್ತೆಯಲ್ಲಿ ನಿಂತಿದ್ದೀರಿ. ಭಾಲ್ಕಿ, ಭಾತಂಬ್ರಾ, ಔರಾದ, ಎಲ್ಲಿ ಕೂತರೂ ಈಗ ಒಂದೇ ಮಾತು: ಮಕ್ಕಳ ಕಳ್ಳರು ಬಂದಾರ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಇದೇ ಗುಮಾನಿಯ ಮೇಲೆ ರಾಜಸ್ಥಾನದ ಒಬ್ಬನನ್ನು ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾದಲ್ಲಿ ಐವರನ್ನು. ಮಕ್ಕಳಿರುವ ಮನೆಯವರ ಎದೆ ಹೊಡೆದುಕೊಳ್ಳುತ್ತಿರುವುದು ನಿಜ. ಆ ಅಂಜಿಕೆಯನ್ನು ನಾನು ಹಗುರಾಗಿ ಕಾಣಲಾರೆ.

ಫೋನು ಗುಂಯ್‌ಗುಟ್ಟುತ್ತದೆ. ಹಂದಿಕೇರಾದಲ್ಲಿ ಯಾರೋ ಮಕ್ಕಳಿಗೆ ಚಾಕಲೇಟ್ ಕೊಟ್ಟರಂತೆ, ಕಾರು ಇತ್ತಲೇ ಬರುತ್ತಿದೆಯಂತೆ. ವಾಟ್ಸ್ಆ್ಯಪ್‌ನಲ್ಲಿ ಅವರ ವಿಡಿಯೊ ಕಾರಿಗಿಂತ ಮೊದಲೇ ಊರು ಮುಟ್ಟಿದೆ. ಚಾಕಲೇಟ್ ಕೊಟ್ಟವನು ಕತಾರ್‌ನಿಂದ ಬಂದ ಅತಿಥಿ, ಜೊತೆಗಿರುವವರು ಹೈದರಾಬಾದಿನ ಗೆಳೆಯರು. ಅದನ್ನು ಕೇಳುವ ಪುರುಸೊತ್ತು ಇಲ್ಲಿ ಯಾರಿಗೂ ಇಲ್ಲ.

ಕೆಂಪು ಕಾರು ಜೋರಾಗಿ ಬರುತ್ತದೆ, ಬೈಕಿಗೆ ತಾಗುತ್ತದೆ, ರಸ್ತೆಬದಿಯ ತಗ್ಗಿಗೆ ಉರುಳುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ಕಾರು ಇನ್ನು ಓಡಲಾರದು. ಒಳಗಿನವರು ಗಾಯಗೊಂಡಿದ್ದಾರೆ. ಒಳಗೆ ಮಗು ಇಲ್ಲ. ಬಗ್ಗಿ ನೋಡಿದ ಯಾರಿಗಾದರೂ ಅದು ಕಾಣುತ್ತದೆ. ಕಾರು ತಡೆಯಲು ಜನ ಸೇರಿದ್ದಕ್ಕೆ ಅಂಜಿಕೆ ಕಾರಣ ಅಂದರೆ ಒಪ್ಪಬಹುದು. ಆದರೆ ಕಲ್ಲು ಬೀಳುವುದು ಈಗ, ಬಡಿಗೆ ಏಳುವುದು ಈಗ, ಅಂಜಲು ಏನೂ ಉಳಿಯದ ಮೇಲೆ. ಸುತ್ತ ನೂರಾರು ಜನ. ಒಬ್ಬ ಎಸೆದದ್ದನ್ನು ಕಂಡು ಇನ್ನೊಬ್ಬನ ಕೈ ಕಲ್ಲು ಹುಡುಕುತ್ತದೆ. ದಿನಾ ಹೊಲಕ್ಕೆ ಹೋಗುವ, ಸಂತೆಯಲ್ಲಿ ನಮಸ್ಕಾರ ಹೇಳುವ ಕೈಗಳೇ ಇವು. ಹೊಡೆಯದವರು ಫೋನು ಎತ್ತಿ ಹಿಡಿದಿದ್ದಾರೆ. ಅವರೂ ನನಗೆ ಬರೀ ನೋಡುಗರಲ್ಲ.

ಪೊಲೀಸರು ಬರುತ್ತಾರೆ, ಬೆರಳೆಣಿಕೆಯಷ್ಟು. ಬೇಡಿಕೊಳ್ಳುತ್ತಾರೆ, ಅಡ್ಡ ಬರುತ್ತಾರೆ, ತಾವೂ ಪೆಟ್ಟು ತಿನ್ನುತ್ತಾರೆ. ಒಬ್ಬ ಪೇದೆಯ ಕಾಲು ಮುರಿಯುತ್ತದೆ. ಆ ಪೇದೆಗೂ ಆ ಹೊತ್ತಿನಲ್ಲಿ ಜೀವಭಯವಿತ್ತು, ಕಲ್ಲೆತ್ತಿದವರಿಗಿಂತ ಹೆಚ್ಚೇ ಇತ್ತು. ಅಂಜಿಕೆಯೇ ಮನುಷ್ಯನನ್ನು ಕ್ರೂರಿ ಮಾಡುತ್ತದೆ ಎಂದು ಯಾರಾದರೂ ಹೇಳಿದಾಗ ನನಗೆ ಅವನ ನೆನಪಾಗುತ್ತದೆ.

ಕಾರಿನಲ್ಲಿದ್ದ ಹೈದರಾಬಾದಿನ ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಉಳಿಯಲಿಲ್ಲ. ಗೆಳೆಯರು ಗಾಯಗೊಂಡು ಬದುಕಿದರು. ನಾಲ್ಕು ದಿನಕ್ಕೆ, ಜುಲೈ 17ರಂದು, ಗುಂಪುಹತ್ಯೆ ತಡೆಯಲು ಪ್ರತಿ ಜಿಲ್ಲೆಯಲ್ಲೂ ನೋಡಲ್ ಅಧಿಕಾರಿಯನ್ನು ನೇಮಿಸಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ದಾಟಿಸಬಹುದೆಂಬ ಮಿತಿ ತಂದಿತು.