ಮುಂಡಾಸಿನ ಇನ್ನೊಂದು ತುದಿ

ಬಡಗುತಿಟ್ಟು ಯಕ್ಷಗಾನದ ಮುಂಡಾಸನ್ನು ವೇಷಧಾರಿ ತಾನೇ ಕಟ್ಟಿಕೊಳ್ಳಬೇಕು. ಆದರೆ ಬಟ್ಟೆಯ ಇನ್ನೊಂದು ತುದಿಯನ್ನು ಯಾರಾದರೂ ಎಳೆದು ಹಿಡಿದರೆ ಸುತ್ತು ಬಿಗಿಯಾಗುತ್ತದೆ. ಬಣ್ಣದ ಮನೆಯಾದ ಚೌಕಿಯಲ್ಲಿ ಆ ತುದಿ ಹಿಡಿಯಲು ಯಾರನ್ನೂ ಕರೆಯಬೇಕಾಗಿಲ್ಲ. ಪಕ್ಕದಲ್ಲಿ ಮುಖಕ್ಕೆ ಬಣ್ಣ ಹಚ್ಚುತ್ತಿದ್ದವನೇ ಕನ್ನಡಿ ಕೆಳಗಿಟ್ಟು ಎದ್ದು ಬರುತ್ತಾನೆ.

ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಆ ತುದಿ ಹಿಡಿದು ನಿಂತವಳು ಒಬ್ಬ ಬಿಳಿಯ ಹೆಂಗಸು. ಕೋಟದ ಹತ್ತಿರ ನಮ್ಮ ಗುರುಗಳ ಮನೆಯ ಜಗಲಿ, ಹೊರಗೆ ಜಡಿಮಳೆ. ನಾನಿನ್ನೂ ಹೈಸ್ಕೂಲು ಹುಡುಗ. ಆಕೆ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಹೆಜ್ಜೆ ಕಲಿಯುತ್ತಿದ್ದಳು. ಏಕತಾಳದ ಬಿಡ್ತಿಗೆಯಲ್ಲಿ ಪ್ರತಿ ಸಲವೂ ಎಡಗಾಲು ತಡವಾಗುತ್ತಿತ್ತು. ಪುಸ್ತಕದಲ್ಲಿ ಲೆಕ್ಕ ಬರೆದುಕೊಂಡು ಕಾಲನ್ನೇ ನೋಡುತ್ತಾ ಕುಣಿಯುತ್ತಿದ್ದಳು. ಗುರುಗಳು ಒಮ್ಮೆ ಮದ್ದಳೆ ನಿಲ್ಲಿಸಿ, "ಕಾಲ್ ಕಾಣ್ಬೇಡಿ ಅಮ್ಮ, ಮದ್ದಳಿ ಕೇಣಿ" ಎಂದರು. ಅದನ್ನು ಆಕೆಗೆ ತಿಳಿಸುವ ಕೆಲಸ ನನ್ನ ಹರಕು ಇಂಗ್ಲಿಷಿನ ಪಾಲಿಗೆ ಬಂತು. ಮರುದಿನ ಆಕೆ ಪುಸ್ತಕ ತರಲಿಲ್ಲ. ವಾರ ಕಳೆಯುವಷ್ಟರಲ್ಲಿ ಎಡಗಾಲು ತಾಳಕ್ಕೆ ಬಂದಿತ್ತು.

ನಮ್ಮ ಕಡೆಗೆ ಹೀಗೆ ಬಂದವರಲ್ಲಿ ಆಕೆ ಮೊದಲಿಗಳೇನಲ್ಲ. ಅಮೆರಿಕದ ಮಾರ್ತಾ ಆಷ್ಟನ್ ಹಿರಿಯಡಕ ಗೋಪಾಲರಾಯರ ಬಳಿ ವರ್ಷಗಟ್ಟಲೆ ಕಲಿತರು. ಬ್ರೂಸ್ ಕ್ರಿಸ್ಟಿಯವರ ಜೊತೆ ಸೇರಿ ಅವರು ಬರೆದ ಯಕ್ಷಗಾನದ ಪುಸ್ತಕ 1977ರಲ್ಲಿ ಇಂಗ್ಲಿಷಿನಲ್ಲಿ ಬಂತು. ಏರು ಮದ್ದಳೆಯಿಂದ ಹೆಸರಾದ ರಾಯರು ಅಮೆರಿಕಕ್ಕೂ ಹೋಗಿ ಕಲಿಸಿ ಬಂದರು. ಆಮೇಲೆ ಜರ್ಮನಿಯ ಕತ್ರಿನ್ ಬೈಂಡರ್ ಉಡುಪಿಯಲ್ಲಿ ಬನ್ನಂಜೆ ಸಂಜೀವ ಸುವರ್ಣರಲ್ಲಿ ಕಲಿತು ವೇಷ ಕಟ್ಟಿದರು. ಸುವರ್ಣರ ಹೆಜ್ಜೆಯ ಬೇರಾದರೋ ನಮ್ಮ ಬ್ರಹ್ಮಾವರದ ಮಗ್ಗುಲಿನದು. ಅವರ ಗುರು ಮಟ್ಪಾಡಿ ವೀರಭದ್ರ ನಾಯಕರು.

ಕೊಟ್ಟದ್ದು ನಾವು ಮಾತ್ರ ಎಂದುಕೊಂಡರೆ ತಪ್ಪಾಗುತ್ತದೆ. ಕೋಟದ ಶಿವರಾಮ ಕಾರಂತರು ಹೊರಗಿನ ನೃತ್ಯವನ್ನು ಕಂಡು ಬಂದು, ಮಾತು ತೆಗೆದು ಕುಣಿತ ಮತ್ತು ಹಾಡನ್ನೇ ಮುಂದಿಟ್ಟು ಯಕ್ಷಗಾನ ಬ್ಯಾಲೆ ಕಟ್ಟಿದರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನ್ ತಂದರು. ಊರಿನಲ್ಲಿ ಹಲವರಿಗೆ ಸಿಟ್ಟೂ ಬಂತು. ಮಾತು ಬಿಟ್ಟ ಆಟ ಆಟವೇ ಅಲ್ಲ ಎಂದು ನಮ್ಮ ಅಜ್ಜಯ್ಯ ಕಡೆಯವರೆಗೂ ಹೇಳುತ್ತಿದ್ದರು. ನನಗೂ ಅರ್ಥಗಾರಿಕೆ ಬೇಕು. ಆದರೆ ಭಾಷೆ ಬಾರದ ಊರಿನಲ್ಲಿ ಹಾರಾಡಿಯ ಕುಣಿತ, ಮಟ್ಪಾಡಿಯ ಹೆಜ್ಜೆ ಕಣ್ಣಿಗೆ ಬಿದ್ದದ್ದು ಆ ಬ್ಯಾಲೆಯಿಂದಲೇ. ನಮ್ಮ ಹಲವು ಕಲಾವಿದರು ವಿಮಾನ ಹತ್ತಿದ್ದೂ ಅದರಿಂದಲೇ. ಉಪ್ಪಿನಕುದ್ರುವಿನ ಕೊಗ್ಗ ಕಾಮತರ ಗೊಂಬೆಗಳೂ ಅದೇ ಹೆಜ್ಜೆಗಳನ್ನು ಸೂತ್ರದ ಮೇಲೆ ಹಾಕುತ್ತಾ ಯುರೋಪು ಕಂಡವು.

ಆ ಮಳೆಗಾಲ ನನ್ನೊಳಗೆ ಇನ್ನೊಂದು ಬದಲಾವಣೆ ತಂದಿತು. ಆಗ ನಮ್ಮ ಕೇರಿಯಲ್ಲಿ ಗೆಜ್ಜೆ ಕಟ್ಟಿದ ಹೆಣ್ಣುಮಕ್ಕಳು ಒಬ್ಬರೂ ಇರಲಿಲ್ಲ. ದ್ರೌಪದಿಯೂ ದಮಯಂತಿಯೂ ಗಂಡಸರೇ. ಕಡಲಾಚೆಯ ಹೆಂಗಸು ಜಗಲಿಯಲ್ಲಿ ಕುಣಿಯುವುದನ್ನು ನನ್ನ ತಂಗಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. "ಅವ್ರಿಗ್ ಆತ್ತಂದ್ರೆ ನಂಗೆ ಎಂತಕ್ ಆತಿಲ್ಲೆ?" ಎಂದು ಕೇಳಿದಳು. ಮನೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ಈಗ ಅವಳ ಮೊಮ್ಮಗಳು ಶಾಲೆಯಲ್ಲಿ ಹೆಜ್ಜೆ ಕಲಿತು ಅಭಿಮನ್ಯುವಿನ ವೇಷ ಮಾಡುತ್ತಾಳೆ, ಕೇದಗೆ ಮುಂದಲೆ ಕಟ್ಟಿ.

ಹೊರಗಿನವರು ಕೊಟ್ಟ ಗೌರವದಿಂದ ಮಾತ್ರ ಕಲಾವಿದನ ಮಳೆಗಾಲ ಕಳೆಯುವುದಿಲ್ಲ. ಆರು ತಿಂಗಳು ತಿರುಗಾಟ, ಆರು ತಿಂಗಳು ಗದ್ದೆ ಕೆಲಸವೋ ಹೋಟೆಲ್ಲೋ. ನಾನು ಕಂಡ ಒಬ್ಬ ಪುರುಷವೇಷಧಾರಿ ಮಂಡಿ ತಿರುಗುವಾಗ ಬಿದ್ದರು, ಮೊಣಕಾಲು ಹೋಯಿತು. ಮೇಳ ಮುಂದಿನ ಊರಿಗೆ ಹೊರಟಿತು. ಚೌಕಿಯ ಗೆಳೆಯರು ಒಂದೊಂದು ರಾತ್ರಿಯ ಸಂಬಳ ಕೂಡಿಸಿ ಕೊಟ್ಟರು. ಆಗ ಇದ್ದ ವಿಮೆ ಅದೊಂದೇ. 1975ರಲ್ಲಿ ಉಡುಪಿಯಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗವು ಮುಂದೆ ಯಕ್ಷನಿಧಿ ಕಟ್ಟಿ ಕಲಾವಿದರ ಕೈ ಹಿಡಿಯಿತು. ಮನೆಯಿಲ್ಲದವರಿಗೆ ಮನೆ ಕಟ್ಟಿಸಿತು, ಅವರ ಮಕ್ಕಳನ್ನು ಓದಿಸಿತು. ಚೌಕಿಯೊಳಗಿನ ಆ ಒಂದು ರಾತ್ರಿಯ ಸಂಬಳವೇ ಊರಗಲವಾಗಿ ಬೆಳೆದಂತೆ ನನಗೆ ಕಾಣುತ್ತದೆ. ನಮ್ಮ ಕಾಲದಲ್ಲಿ ಯಕ್ಷಗಾನಕ್ಕೆ ಆದ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

ಗುರುಗಳು ಈಗಿಲ್ಲ. ಆ ಹೆಂಗಸಿನ ಕಾಗದ ಕೆಲವು ವರ್ಷ ಬರುತ್ತಿತ್ತು, ಪ್ರತಿ ಸಲವೂ ಗುರುಗಳ ಔಷಧಕ್ಕೆಂದು ಸ್ವಲ್ಪ ದುಡ್ಡಿನ ಜೊತೆಗೆ. ಕಾಗದದ ಕೊನೆಯಲ್ಲಿ ಕನ್ನಡದಲ್ಲಿ ಎರಡೇ ಪದ ಇರುತ್ತಿದ್ದವು: ಮದ್ದಳಿ ಕೇಣಿ.

ಈ ಮಳೆಗಾಲದಲ್ಲಿ ಮನೆಮನೆಗೆ ಹೋಗಿ ಕುಣಿಯುವ ಚಿಕ್ಕಮೇಳದವರು ಸಂಜೆಯ ಮೇಲೆ ನಿಮ್ಮ ಮನೆಗೂ ಬಂದಾರು. ಟಿವಿ ಆರಿಸಿ, ದೀಪ ಹಚ್ಚಿ ಒಳಗೆ ಕರೆಯಿರಿ. ಅವರಿಗದು ಮಳೆಗಾಲದ ಅನ್ನ.